ಪೇಮೆಂಟ್ ಗೇಟ್‌ವೇ ಬದಲಿಸಿದೆ: ಗಿರಾಕಿಗಳು ಬಂದರು, ಟೋಕನ್ ಬರಲಿಲ್ಲ (ಐದಕ್ಕೆ ಮೂರೂವರೆ)

ಬಾಗಲಕೋಟೆ ನವನಗರದ ನಮ್ಮ ಮನೆಯಿಂದ ತಿಂಗಳಿಗೊಂದು ಡಬ್ಬಿ ಹೋಗುತ್ತದೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಹಬ್ಬ ಬಂದರೆ ಅಮೀನಗಡದ ಕರದಂಟು. ಗಿರಾಕಿಗಳು 214 ಮಂದಿ, ಹೆಚ್ಚಿನವರು ಬೆಂಗಳೂರು, ಪುಣೆ ಸೇರಿದ ನಮ್ಮ ಕಡೆಯವರೇ. ಪ್ರತಿ 5ನೇ ತಾರೀಖು ಅವರ ಕಾರ್ಡಿನಿಂದ 650 ರೂಪಾಯಿ ತಾನಾಗಿ ಕಟ್ ಆಗಬೇಕು. ಹೀಗೆ ಕಟ್ ಮಾಡಿ ನಮಗೆ ತಲುಪಿಸುವ ಕಂಪನಿಯೇ ಪೇಮೆಂಟ್ ಗೇಟ್‌ವೇ. ಹಳೆಯ ಕಂಪನಿ ಆ ದುಡ್ಡನ್ನು ನಮ್ಮ ಖಾತೆಗೆ ಹಾಕಲು ಒಮ್ಮೊಮ್ಮೆ ವಾರ ಮಾಡುತ್ತಿತ್ತು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಪಗಾರ ವಾರ ಕಾಯುತ್ತದೆಯೇ? ಬಿಟ್ಟೆ. ಹಳೆಯದರದ್ದಾಗಲಿ ಹೊಸದರದ್ದಾಗಲಿ ಹೆಸರು ಹಾಕುವುದಿಲ್ಲ, ಸೇವೆ ಹೇಗಿತ್ತು ಅಷ್ಟೇ ಹೇಳುತ್ತೇನೆ.

"ಒಂದ ಕ್ಲಿಕ್ಕರಿ ಅಕ್ಕಾರ, ಎಲ್ಲಾ ಕಾರ್ಡ್ ಇತ್ತಾಗ ಬರ್ತಾವು" ಅಂದಿದ್ದ ಹೊಸ ಕಂಪನಿಯ ಸೇಲ್ಸ್ ಹುಡುಗ. ಖರೇ ಹೇಳಿದವಳು ಮರುದಿನ ಫೋನ್ ಮಾಡಿದ ಅದೇ ಕಂಪನಿಯ ಟೆಕ್ನಿಕಲ್ ಹುಡುಗಿ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಅಂಗಡಿಯವರಾಗಲಿ ಗೇಟ್‌ವೇಯವರಾಗಲಿ ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ. ಕೊನೆಯ ನಾಲ್ಕು ಅಂಕಿ, ಬ್ಯಾಂಕಿನ ಹೆಸರು, ಅಷ್ಟೇ. ನಂಬರಿನ ಬದಲಿಗೆ ಇರುವುದು ಟೋಕನ್ ಎಂಬ ಬೇರೊಂದು ಸಂಕೇತ. ಅದು ಆ ಕಾರ್ಡು, ನನ್ನ ಅಂಗಡಿ, ಟೋಕನ್ ಕೇಳಿ ಪಡೆದ ಕಂಪನಿ, ಈ ಮೂರಕ್ಕೂ ಸೇರಿ ಹುಟ್ಟಿದ್ದು. ಕಂಪನಿ ಬದಲಾದರೆ ಅದು ಕೆಲಸಕ್ಕೆ ಬಾರದು. ಇದು ನನಗೆ ತಲೆಗೆ ಹತ್ತಿದ್ದು ನಮ್ಮೂರಿನ ಲೆಕ್ಕದಲ್ಲಿ: ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಬಿಟ್ಟು ಜನ ನವನಗರಕ್ಕೆ ಬಂದರು, ಮನೆ ನಂಬರ್ ಬರಲಿಲ್ಲ. ಸೆಕ್ಟರು, ಪ್ಲಾಟು ಎಲ್ಲ ಹೊಸದಾಗಿ ಬರೆಸಿಕೊಂಡರು.

ಅಂದರೆ 214 ಮಂದಿಯೂ ಮತ್ತೊಮ್ಮೆ ಕಾರ್ಡ್ ಹಾಕಿ, ಒಪ್ಪಿಗೆ ಕೊಟ್ಟು, ಓಟಿಪಿ ಒತ್ತಬೇಕು. ಆಮೇಲೆ 15,000 ರೂಪಾಯಿ ಒಳಗಿನ ಕಂತಿಗೆ ಓಟಿಪಿ ಬೇಡ, 24 ಗಂಟೆ ಮೊದಲು ಒಂದು ಮೆಸೇಜ್ ಹೋದರೆ ಸಾಕು. ಮೊದಲ ಸಲ ಎಲ್ಲರಿಗೂ ಲಿಂಕ್ ಕಳಿಸಿದೆ. ಮೆಸೇಜ್ ಬರೇ ಇಂಗ್ಲಿಷಿನಲ್ಲಿ, ಕನ್ನಡ ಹಾಕಲು ಅವರ ಸಾಫ್ಟ್‌ವೇರಿನಲ್ಲಿ ಜಾಗವೇ ಇಲ್ಲ. ಅರ್ಧ ಅಂಕ ಅಲ್ಲೇ ಕಟ್. ಕಾರ್ಡ್ ಹಾಕಿದವರು 38. ಬಸವನಗುಡಿಯ ಅಜ್ಜಿಯೊಬ್ಬರು ಫೋನ್ ಹಚ್ಚಿದರು: "ಏನವಾ, ನಿನ್ನ ಹೆಸರ್ಲೆ ಯಾರೋ ಓಟಿಪಿ ಕೇಳಾಕತ್ತಾರ. ಮೊದ್ಲ ಪೊಲೀಸರಿಗೆ ಹೇಳು."

ಅವರದೇನು ತಪ್ಪು? ಅಂಥ ಲಿಂಕ್ ಒತ್ತಬೇಡಿ ಎಂದು ಬ್ಯಾಂಕಿನವರೇ ದಿನಾ ಹೇಳುತ್ತಾರೆ. ಮುಂದಿನ ತಿಂಗಳು ಕ್ಯೂಆರ್ ಚೀಟಿ ಮಾಡಿಸಿ, ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಶೇಂಗಾ ಹಿಂಡಿ ಪ್ಯಾಕೆಟ್ಟಿಗೆ ಅಂಟಿಸಿ ಕಳಿಸಿದೆ. ನಮ್ಮ ಡಬ್ಬಿಯೊಳಗಿನ ಚೀಟಿಯನ್ನು ಯಾರೂ ಅನುಮಾನಿಸಲಿಲ್ಲ. ಎರಡು ತಿಂಗಳಲ್ಲಿ 197 ಕಾರ್ಡು ಬಂದವು, 9 ಮಂದಿ ಯುಪಿಐ ಆಟೋಪೇ ಸಾಕೆಂದರು, 8 ಮಂದಿ ಬಿಟ್ಟರು. ಅಷ್ಟು ದಿನ ಎರಡೂ ಗೇಟ್‌ವೇ ಒಟ್ಟಿಗೆ ನಡೆಸಿದೆ. ಬಾರದವರ ಕಂತು ಹಳೆಯದರಲ್ಲೇ ಕಟ್ ಆಗುತ್ತಿತ್ತು.

ಒಂದು ಎಡವಟ್ಟು ಆಯಿತು. ಹೊಸ ಮ್ಯಾಂಡೇಟ್ (ತಿಂಗಳು ತಿಂಗಳು ಕಟ್ ಮಾಡಲು ಗಿರಾಕಿ ಕೊಟ್ಟ ಒಪ್ಪಿಗೆ) ಬಂದ ಕೂಡಲೇ ಹಳೆಯದನ್ನು ರದ್ದು ಮಾಡಬೇಕಿತ್ತು, ಆರು ಮಂದಿಯದು ಮರೆತೆ. ಅವರಿಗೆ ಎರಡೆರಡು ಸಲ 650 ಹೋಯಿತು. ಹಳೆಯದರಲ್ಲಿ ಕಟ್ ಆದ ದುಡ್ಡು ಹಳೆಯದರಿಂದಲೇ ವಾಪಸ್ ಹೋಗಬೇಕು. ಸಿಟ್ಟಿನಲ್ಲಿ ಆ ಖಾತೆ ಮುಚ್ಚಿದ್ದರೆ ಲೆಕ್ಕ ಕೆಡುತ್ತಿತ್ತು. ಗೇಟ್‌ವೇ ಬದಲಿಸುವವರು ಹಳೆಯ ಖಾತೆಯನ್ನು ನಾಲ್ಕಾರು ತಿಂಗಳು ಹಾಗೇ ಇಡಿ. ಈ ಮಾತು ಹೊಸ ಕಂಪನಿ ನನಗೆ ಮೊದಲೇ ಹೇಳಬೇಕಿತ್ತು. ಇನ್ನೊಂದು ಅಂಕ ಕಟ್.

ಉಳಿದ ಮೂರೂವರೆ ಆ ಟೆಕ್ನಿಕಲ್ ಹುಡುಗಿಗೆ, ಜೊತೆಗೆ ಎರಡನೇ ದಿನಕ್ಕೇ ಖಾತೆಗೆ ಬೀಳುವ ದುಡ್ಡಿಗೆ. ಬಸವನಗುಡಿ ಅಜ್ಜಿ ಆ ಒಂಬತ್ತರಲ್ಲಿ ಒಬ್ಬರು. ಯುಪಿಐ ಮೊಮ್ಮಗನ ಕೈಲಿ ಮಾಡಿಸಿದರಂತೆ, ಅದೂ ನನಗೆ ಫೋನ್ ಹಚ್ಚಿ ಎರಡು ಸಲ ಖಾತ್ರಿ ಮಾಡಿಕೊಂಡ ಮೇಲೆ.