ಮನೆ, ವಸ್ತು ಎರಡನ್ನೂ ಒಟ್ಟಿಗೆ ನೋಡಿದ ಸಂರಕ್ಷಣಾ ಯೋಜನೆ

1898ರ ಪ್ಲೇಗಿನ ನಂತರ ಬಸವನಗುಡಿಯಲ್ಲಿ ಎದ್ದ ಮನೆಗಳಲ್ಲೊಂದನ್ನು ವಸ್ತುಸಂಗ್ರಹಾಲಯವಾಗಿ ತೆರೆಯಲು ನಮ್ಮ ಟ್ರಸ್ಟ್ ನಿರ್ಧರಿಸಿದ ಮೇಲೆ, ಸಂರಕ್ಷಣಾ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ನಗರದ ಒಂದು ವಾಸ್ತುಶಿಲ್ಪ ಕಚೇರಿಗೆ ವಹಿಸಲಾಯಿತು. ಅವರು ಒಪ್ಪಿಸಿದ ವರದಿಯ ದೊಡ್ಡ ಗುಣವೆಂದರೆ, ಕಟ್ಟಡವನ್ನು ಎಂಜಿನಿಯರಿಗೂ ಒಳಗಿನ ವಸ್ತುಗಳನ್ನು ಗಾಜಿನ ಪೆಟ್ಟಿಗೆಗೂ ಹಂಚಿಬಿಡದೆ ಎರಡನ್ನೂ ಒಂದೇ ಸಮಸ್ಯೆಯಾಗಿ ನೋಡಿರುವುದು.

ಹಜಾರದ ಹೊರಗೋಡೆಯಲ್ಲಿ ತೂಗುಹಾಕಿರುವ ಮೈಸೂರು ಶೈಲಿಯ ಚಿತ್ರದಲ್ಲಿ ಚಿನ್ನದ ರೇಕು ಹಚ್ಚಿದ ಉಬ್ಬುಗೆಲಸ ಬಿರುಕುಬಿಟ್ಟಿದೆ. ವರದಿಯು ಇದರ ಕಾರಣವನ್ನು ಚಿತ್ರದಲ್ಲಲ್ಲ, ಗೋಡೆಯಲ್ಲಿ ಹುಡುಕಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆಯ ಹೊರಮೈಗೆ ಹಿಂದೆ ಯಾರೋ ಸಿಮೆಂಟ್ ಪ್ಲಾಸ್ಟರ್ ಬಳಿಸಿದ್ದರಿಂದ, ತಳಪಾಯದಿಂದ ಏರುವ ತೇವ ಹೊರಗೆ ಆರಲು ದಾರಿಯಿಲ್ಲದೆ ಒಳಮುಖವಾಗಿ ಬಂದು, ಚಿತ್ರದ ಹಿಂದಿನ ಹಲಗೆಯನ್ನು ಮಳೆಗಾಲದಲ್ಲಿ ಉಬ್ಬಿಸಿ ಬೇಸಿಗೆಯಲ್ಲಿ ಕುಗ್ಗಿಸುತ್ತದೆ ಎಂಬುದು ಅವರ ವಾದ. ಆದ್ದರಿಂದ ಮೊದಲು ತಾರಸಿಯ ನೀರು ಹರಿಯುವ ದೋಣಿಗಳನ್ನು ಮತ್ತು ಅಂಗಳದ ಇಳಿಜಾರನ್ನು ಸರಿಪಡಿಸಬೇಕು, ಬಳಿಕ ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ಮಾಡಬೇಕು, ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಚಿತ್ರ ಅಲ್ಲಿಗೆ ಮರಳಬೇಕು. ಅಲ್ಲಿಯವರೆಗೆ ಅದನ್ನು ಒಳಗೋಡೆಗೆ ಸ್ಥಳಾಂತರಿಸಬೇಕು.

ಏನು ಮಾಡಬಾರದೆಂದು ಸ್ಪಷ್ಟವಾಗಿ ಹೇಳಿರುವುದೂ ಮೆಚ್ಚುವಂಥದ್ದೇ. ಹಗಲಿಗೆ ಮಾತ್ರ ಏಸಿ ಹಾಕಿ ರಾತ್ರಿ ಆರಿಸಿದರೆ ತೇವಾಂಶದ ಏರಿಳಿತ ಹೆಚ್ಚುವುದರಿಂದ ಏಸಿಯೇ ಬೇಡ. ಹಳೆಯ ಪತ್ರಗಳ ಮೇಲೆ 50 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಮೀರಿದ ಬೆಳಕು ಬೀಳಬಾರದು. ಹಳೆಯ ಬೆಂಗಳೂರು ಮನೆಗಳ ಕಿಟಕಿ, ಮುಖಮಂಟಪಗಳ ಮೇಲೆ ಕಾಣುವ ಮರದ ಚೂಪು ಚಪ್ಪರವಾದ ಮಂಕಿಟಾಪ್ ಈ ಮನೆಗೆ ಇಲ್ಲದಿರುವುದರಿಂದ ಅದನ್ನು ಹೊಸದಾಗಿ ಸೇರಿಸಬಾರದು. (ಈ ಕೊನೆಯದು ನಮ್ಮ ಸಭೆಯಲ್ಲಿ ಕೆಲವರಿಗೆ ರುಚಿಸಲಿಲ್ಲ.) ಮಹಡಿಯ ನೆಲ ಮದ್ರಾಸ್ ತಾರಸಿಯದು (ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಮಾಡಿದ್ದು), ಅದನ್ನು ಹೊತ್ತ ತೇಗದ ತೊಲೆಗಳು ಗೋಡೆಯೊಳಗೆ ಹುದುಗಿರುವ ತುದಿಗಳಲ್ಲೇ ಮೊದಲು ಕೊಳೆಯುವುದರಿಂದ, ಅವುಗಳ ಪರೀಕ್ಷೆ ಮುಗಿಯುವವರೆಗೆ ಸಂದರ್ಶಕರನ್ನು ಮೇಲಕ್ಕೆ ಬಿಡಬಾರದೆಂಬ ಷರತ್ತನ್ನೂ ನಾನು ಒಪ್ಪುತ್ತೇನೆ.

ಕೊರತೆಗಳು ಸಣ್ಣವಲ್ಲ. ತೇವಾಂಶದ ಅಳತೆಗಳು ಬೇಸಿಗೆಗೇ ನಿಂತಿವೆ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಲೆಕ್ಕವೇ ಇಲ್ಲ. ಗೋಡೆಯ ಉಪ್ಪಿನ ಕಲೆಗಳಿಂದ ಅವರು ತೇವದ ಬಗ್ಗೆ ತಲುಪಿದ ತೀರ್ಮಾನ ಸರಿಯೇ ಇದ್ದೀತು, ಆದರೆ ಅದಿನ್ನೂ ತೀರ್ಮಾನವೇ ಹೊರತು ಅಳತೆಯಲ್ಲ. ಸುಣ್ಣ ನೆನೆಹಾಕಿ ಹದಮಾಡಲು ಹಿಡಿಯುವ ಸಮಯವನ್ನೂ ಆ ಕೆಲಸ ಬಲ್ಲ ಮೇಸ್ತ್ರಿಗಳ ಕೂಲಿಯನ್ನೂ ಅಂದಾಜುಪಟ್ಟಿ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ದಿನನಿತ್ಯ ಮನೆ ನೋಡಿಕೊಳ್ಳುವವರಿಗೆಂದೇ ಬರೆದ ನಿರ್ವಹಣಾ ಅಧ್ಯಾಯವಂತೂ ಅವರು ಓದಲಾರದ ಇಂಗ್ಲಿಷಿನಲ್ಲಿದೆ.

ಶುಲ್ಕ ಕಡಿಮೆಯೇನಲ್ಲ, ಆದರೂ ಮುಂದಿನ ಹಂತವನ್ನು ಇದೇ ಕಚೇರಿಗೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ವರ್ಷವಿಡೀ ತೇವಾಂಶದ ದಾಖಲೆ ಮತ್ತು ಕನ್ನಡದ ನಿರ್ವಹಣಾ ಪಟ್ಟಿ, ಇವೆರಡನ್ನೂ ಒಪ್ಪಂದದಲ್ಲಿ ಬರೆಸಿಕೊಂಡ ಮೇಲೆ.