ಸಂಡೇ ಬ್ರಂಚ್‌ಗೆ ಅಡ್ವಾನ್ಸ್ ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಬೆಂಗಳೂರಿನಲ್ಲಿ ‘ಬೆಸ್ಟ್ ಸಂಡೇ ಬ್ರಂಚ್’ ಎಲ್ಲಿ ಅಂತ ಹುಡುಕುತ್ತಿದ್ದೀರಾ? ಒಂದು ನಿಮಿಷ ತಡೆಯಿರಿ. ರೀಲ್‌ನಲ್ಲಿ ತೋರಿಸುವ ರೇಟೇ ಬೇರೆ, ಬಿಲ್‌ನಲ್ಲಿ ಬರುವ ರೇಟೇ ಬೇರೆ. ಅಡ್ವಾನ್ಸ್ ಅಂತ ಕಟ್ಟಿಸಿಕೊಂಡ ದುಡ್ಡು ಬಿಲ್‌ನಲ್ಲಿ ಕಳೆಯುತ್ತಾರೆ ಅಂತ ನಂಬಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ನೆನಪಿಟ್ಟುಕೊಂಡರೂ ಸಾಕು. ನನಗಂತೂ ಇನ್ನೂ ಮೈ ಉರಿಯುತ್ತಿದೆ.

ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ತುಂಬಿತ್ತು. ನಮ್ಮ ಮನೆಯಲ್ಲಿ ಇಂಥ ದಿನ ಅಂದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಇಲ್ಲವೇ ಲಾಲ್‌ಬಾಗ್ ರಸ್ತೆಯ ಎಂಟಿಆರ್. ಹೆಸರು ಬರೆಸಿ, ಹೊರಗೆ ನಿಂತು ಕಾದು, ತಿಂದು ಬರುವುದು. ಈ ಸಲ ಇಬ್ಬರನ್ನೂ ಆರಾಮಾಗಿ ಕೂರಿಸಿ, ಎಸಿಯಲ್ಲಿ, ಗಡಿಬಿಡಿ ಇಲ್ಲದೆ ಊಟ ಮಾಡಿಸಬೇಕು ಅಂತ ನನಗೂ ನನ್ನ ಹೆಂಡತಿಗೂ ಆಸೆ.

ಹುಡುಕಲು ಶುರು ಮಾಡಿದೆ. ಇಂದಿರಾನಗರ, ಲ್ಯಾವೆಲ್ ರೋಡ್, ವೈಟ್‌ಫೀಲ್ಡ್, ಎಲ್ಲ ಕಡೆಯದೂ ರೀಲ್‌ಗಳು ಬಂದವು. ಅದರಲ್ಲಿ ಒಂದು ಸ್ಟಾರ್ ಹೋಟೆಲ್ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಬೇರೆ ಬೇರೆ ಮುಖ, ಮಾತು ಮಾತ್ರ ಒಂದೇ. ‘ಬರೀ 1,999ಕ್ಕೆ ಅನ್‌ಲಿಮಿಟೆಡ್.’ ಲೈವ್ ದೋಸೆ ಕೌಂಟರ್, ಚಾಟ್, ಪಾಸ್ತಾ, ಗೋಡೆ ಉದ್ದಕ್ಕೂ ಸ್ವೀಟು, ನಡುವೆ ಚಾಕೊಲೇಟ್ ಕಾರಂಜಿ. ಮಗಳು ಅದನ್ನೇ ಹತ್ತಾರು ಸಲ ಹಾಕಿಸಿಕೊಂಡು ನೋಡಿದಳು.

ಫೋನ್ ಮಾಡಿ ಕೇಳಿದೆ. ಕೇಳದೆ ಹೋಗಲಿಲ್ಲ, ಇದು ಮುಖ್ಯ. "ಒಬ್ಬರಿಗೆ 1,999 ಪ್ಲಸ್ ಟ್ಯಾಕ್ಸ್, ಅಲ್ವಾ?" "ಹೌದು ಸರ್, 1,999ರಿಂದ ಸ್ಟಾರ್ಟ್ ಆಗುತ್ತೆ." "ಮಗುವಿಗೆ?" "ಚಿಕ್ಕ ಮಕ್ಕಳಿಗೆ ಕಾಂಪ್ಲಿಮೆಂಟರಿ ಸರ್." "ಅಡ್ವಾನ್ಸ್?" "ದೊಡ್ಡವರಿಗೆ ತಲಾ 500 ಕಳಿಸಿ, ಫುಲ್ಲಿ ರಿಡೀಮಬಲ್." ನಾಲ್ಕು ಜನಕ್ಕೆ 2,000 ಯುಪಿಐ ಮಾಡಿದೆ. ಯಾರೇ ಆದರೂ ಹೀಗೇ ಮಾಡುತ್ತಿದ್ದರು.

ಭಾನುವಾರ ಹನ್ನೆರಡು ಮುಕ್ಕಾಲಿಗೆ ಹೋಗಿ ಕೂತೆವು. ಟೇಬಲ್ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಅಮ್ಮ ಶುದ್ಧ ಸಸ್ಯಾಹಾರಿ. ಸೀದಾ ದೋಸೆ ಕೌಂಟರ್‌ಗೆ ಹೋದರು. ಕಾವಲಿ ತಣ್ಣಗಿತ್ತು. "ಮಾಸ್ಟರ್ ಬ್ರೇಕ್‌ನಲ್ಲಿದ್ದಾರೆ ಮೇಡಂ, ಐದು ನಿಮಿಷ." ಅಮ್ಮ ಖಾಲಿ ತಟ್ಟೆ ಹಿಡಿದು ಅಲ್ಲೇ ನಿಂತರು. ಮಾಸ್ಟರ್ ಕೊನೆವರೆಗೂ ಬರಲಿಲ್ಲ. ಆಮೇಲೆ ಪಲಾವ್ ಹಾಕಿಕೊಳ್ಳಲು ಹೋದರೆ, ಪಕ್ಕದ ಚಿಕನ್ ಪಾತ್ರೆಯ ಸೌಟನ್ನು ಯಾರೋ ಇದರಲ್ಲಿ ಬಿಟ್ಟಿದ್ದರು. ಕೆಂಪು ಎಣ್ಣೆ ಅನ್ನಕ್ಕೆ ಇಳಿದಿತ್ತು. ಸಿಬ್ಬಂದಿಗೆ ತೋರಿಸಿದೆ. ಆತ ಸೌಟು ಎತ್ತಿಕೊಂಡ, ಅನ್ನ ಅಲ್ಲೇ ಇತ್ತು. ಅಮ್ಮ ಮೊಸರನ್ನ, ಕಲ್ಲಂಗಡಿ ಹಣ್ಣು ತಿಂದು "ನಂಗಿಷ್ಟೇ ಸಾಕು ಕಣೋ" ಅಂದುಬಿಟ್ಟರು. 40ನೇ ವರ್ಷದ ಊಟ ಅದು.

ಚಾಕೊಲೇಟ್ ಕಾರಂಜಿ ಎಲ್ಲಿ ಅಂತ ಮಗಳು ಕೇಳಿದಳು. "ಅದು ಕ್ರಿಸ್‌ಮಸ್ ಸ್ಪೆಷಲ್ ಸರ್" ಅಂದರು. ರೀಲ್‌ನಲ್ಲಿ ಕ್ರಿಸ್‌ಮಸ್ ಅಂತ ಒಂದು ಅಕ್ಷರವೂ ಇರಲಿಲ್ಲ.

ಸರಿಯಾಗಿ ಒಂದು ಮುಕ್ಕಾಲಿಗೆ ಒಬ್ಬರು ಬಂದು ಬಗ್ಗಿ ನಿಂತು, "ಸರ್, ಲಾಸ್ಟ್ ರೌಂಡ್ ತಗೊಂಡುಬಿಡಿ, ಎರಡು ಗಂಟೆಗೆ ನೆಕ್ಸ್ಟ್ ಸೀಟಿಂಗ್ ಇದೆ" ಅಂದರು. ಸೀಟಿಂಗ್ ಅಂತ ಒಂದಿದೆ ಅಂತಲೇ ನಮಗೆ ಯಾರೂ ಹೇಳಿರಲಿಲ್ಲ. ಬೋರ್ಡ್ ಮೇಲೆ ಇದ್ದದ್ದು ‘12ರಿಂದ 4’. ಅಪ್ಪ ಆಗಷ್ಟೇ ಎರಡನೇ ಸಲ ಎದ್ದು ಹೋಗಿದ್ದರು. ನಿಧಾನಕ್ಕೆ ತಿನ್ನುವ ಮನುಷ್ಯ. ತಟ್ಟೆ ಅರ್ಧಕ್ಕೇ ಇಟ್ಟರು.

ಇನ್ನು ಬಿಲ್ಲು.

ನನ್ನ ಲೆಕ್ಕ ಸುಲಭವಾಗಿತ್ತು. ನಾಲ್ಕು ಜನಕ್ಕೆ 7,996. ಸ್ಟಾರ್ ಹೋಟೆಲ್, ಹಾಗಾಗಿ 18% ಜಿಎಸ್‌ಟಿ. ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಾಮಾನ್ಯ ರೆಸ್ಟೋರೆಂಟ್‌ನಲ್ಲಿ 5%, ರೂಮ್ ಬಾಡಿಗೆ 7,500 ದಾಟುವ ಹೋಟೆಲ್ ಒಳಗಿನ ರೆಸ್ಟೋರೆಂಟ್‌ನಲ್ಲಿ 18%. ಅದರ ಬಗ್ಗೆ ನನ್ನ ತಕರಾರಿಲ್ಲ. ಎಲ್ಲ ಸೇರಿ 9,500ರ ಹತ್ತಿರ, ಅದರಲ್ಲಿ 2,000 ಆಗಲೇ ಕಟ್ಟಿದ್ದೇನೆ.

ಚರ್ಮದ ಫೋಲ್ಡರ್ ತೆರೆದರೆ 15,102.

ಎರಡು ಸಲ ಓದಿದೆ. ಯಾರದೋ ಬಿಲ್ ತಂದಿದ್ದಾರೆ ಅಂದುಕೊಂಡೆ. ಇಲ್ಲ, ಟೇಬಲ್ ನಂಬರ್ ನಮ್ಮದೇ. ತಲಾ 2,499ರಂತೆ ನಾಲ್ಕು. ಮಗುವಿಗೆ 1,249. ನೀರಿನ ಬಾಟಲಿ ಎರಡು, 390. ಅದರ ಮೇಲೆ 10% ಸರ್ವಿಸ್ ಚಾರ್ಜ್, 1,163 ರೂಪಾಯಿ ಐವತ್ತು ಪೈಸೆ. ಆ ಸರ್ವಿಸ್ ಚಾರ್ಜ್ ಮೇಲೂ ಜಿಎಸ್‌ಟಿ! ನಾನು ಕಟ್ಟಿದ 2,000 ಎಲ್ಲೂ ಇಲ್ಲ. ಎಲ್ಲೂ ಇಲ್ಲ.

ಮ್ಯಾನೇಜರ್ ಬಂದರು. ನಗುಮುಖ. ಆ ನಗು ಕೊನೆವರೆಗೂ ಕದಲಲಿಲ್ಲ.

"1,999 ಅಂತ ಹೇಳಿದ್ರಲ್ಲ?"
"ಅದು ಶನಿವಾರದ ರೇಟ್ ಸರ್. ಸ್ಟಾರ್ಟಿಂಗ್ ಫ್ರಮ್ ಅಂತ ಹೇಳಿರ್ತಾರೆ."
"ನಾನು ಭಾನುವಾರಕ್ಕೇ ಬುಕ್ ಮಾಡಿದ್ದು."
"ಟರ್ಮ್ಸ್‌ನಲ್ಲಿ ಇದೆ ಸರ್."
"ಮಗುವಿಗೆ ಫ್ರೀ ಅಂದ್ರಲ್ಲ?"
"ಐದು ವರ್ಷದ ಒಳಗಿದ್ರೆ ಸರ್." ನನ್ನ ಮಗಳಿಗೆ ಆರು.
"ಅಡ್ವಾನ್ಸ್ ಎಲ್ಲಿ?"

ಇಲ್ಲಿ ಕೇಳಿ. ಇದನ್ನು ಕೇಳಿಯೇ ನನಗೆ ತಲೆ ಧಿಮ್ಮೆಂದದ್ದು. "ಸರ್, ಅದು ಕವರ್ ಚಾರ್ಜ್. ಬಫೆಗೆ ಅಡ್ಜಸ್ಟ್ ಆಗಲ್ಲ. ಬಾರ್‌ನಲ್ಲಿ ರಿಡೀಮ್ ಮಾಡ್ಕೋಬಹುದು, ಇವತ್ತೇ. ಡ್ರಿಂಕ್ಸ್ ಏನಾದ್ರೂ ಕಳಿಸ್ಲಾ?"

ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಅಪ್ಪ ಅಮ್ಮ ಎದುರಿಗೇ ಕೂತಿದ್ದಾರೆ. ಆ ಮನುಷ್ಯ ಅದನ್ನೆಲ್ಲ ನೋಡಿಕೊಂಡೇ ಈ ಮಾತು ಹೇಳಿದ. ‘ಫುಲ್ಲಿ ರಿಡೀಮಬಲ್’ ಅಂತ ಫೋನಿನಲ್ಲಿ ಹೇಳುವಾಗ ಬಾರ್ ಅನ್ನುವ ಮಾತು ಬಾಯಿಗೆ ಬರಲಿಲ್ಲ, ದುಡ್ಡು ಬಂದ ಮೇಲೆ ಬಂತು.

ಅಷ್ಟರಲ್ಲಿ ಅಪ್ಪ ಕನ್ನಡಕ ಹಾಕಿಕೊಂಡು "ಎಷ್ಟಾಯ್ತೋ? ಕಮ್ಮಿ ಬಿದ್ರೆ ನನ್ನ ಹತ್ರ ಇದೆ" ಅಂತ ಜೇಬಿಗೆ ಕೈ ಹಾಕಿದರು. ಪೆನ್ಷನ್ ದುಡ್ಡು. ನಾನು ಫೋಲ್ಡರ್ ಮುಚ್ಚಿಬಿಟ್ಟೆ. ಅಷ್ಟು ಜನರ ನಡುವೆ ನನಗೆ ಎಲ್ಲಿ ಮುಖ ಇಡಬೇಕು ಅಂತ ತೋಚಲಿಲ್ಲ. ದುಡ್ಡು ಹೋದದ್ದಕ್ಕಿಂತ ಇದು ಹೆಚ್ಚು ಚುಚ್ಚುತ್ತದೆ, ಈಗಲೂ.

ಸರ್ವಿಸ್ ಚಾರ್ಜ್ ಮಾತ್ರ ಬಿಡಲಿಲ್ಲ. ಗ್ರಾಹಕರ ಹಕ್ಕು ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ಬಿಲ್‌ನಲ್ಲಿ ತಾನಾಗಿಯೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಹೋಟೆಲಿನವರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ಕೋರ್ಟು ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಇದನ್ನು ಹೇಳಿದರೆ ಮ್ಯಾನೇಜರ್ ಉತ್ತರ: "ಅದು ದೆಹಲಿಯಲ್ಲಿ ಸರ್. ಇಲ್ಲಿ ಸ್ಟಾಫ್‌ಗೆ ಹೋಗುತ್ತೆ, ಪಾಪ." ಪ್ರಾಧಿಕಾರ ಇಡೀ ದೇಶದ್ದು, ಬೆಂಗಳೂರೇನು ಹೊರಗಿದೆಯಾ? 1915ಕ್ಕೆ ಡಯಲ್ ಮಾಡಿ ಫೋನನ್ನು ಟೇಬಲ್ ಮೇಲಿಟ್ಟೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹೊಸ ಬಿಲ್ ಬಂತು, ಸರ್ವಿಸ್ ಚಾರ್ಜ್ ಇಲ್ಲ, 13,729. ಅಂದರೆ ತೆಗೆಯಬಹುದಿತ್ತು. ಮೊದಲಿನಿಂದಲೂ ತೆಗೆಯಬಹುದಿತ್ತು! ಸುಮ್ನೆ ಕಟ್ಟಿ ಹೋಗುವವರಿಂದ ತಗೊಳ್ಳುತ್ತಾರೆ, ಕೇಳಿದವರಿಗೆ ಬಿಡುತ್ತಾರೆ.

ಆ 2,000 ಕೊಡಲಿಲ್ಲ.

ಮನೆಗೆ ಬಂದು ರೀಲ್ ಮಾಡಿದವರಲ್ಲಿ ಒಬ್ಬರಿಗೆ ಮೆಸೇಜ್ ಮಾಡಿದೆ. ಬಂದ ಉತ್ತರ: "ಬ್ರೋ, ಅದು ಹೋಸ್ಟೆಡ್ ಟೇಬಲ್. ನನ್ನ ಎಕ್ಸ್‌ಪೀರಿಯೆನ್ಸ್ ಸೂಪರ್ ಆಗಿತ್ತು." ಪುಕ್ಕಟೆ ಊಟ ಅಂತ ಅದರ ಅರ್ಥ. ಪುಕ್ಕಟೆ ತಿಂದವರಿಗೆ ಬಿಲ್ಲಿನ ಗೊಡವೆ ಎಲ್ಲಿಂದ ಬರಬೇಕು? ಹಾಗೆ ಬಿಟ್ಟಿಯಾಗಿ ಏನನ್ನಾದರೂ ಪಡೆದು ಹೊಗಳಿದರೆ ಅದು ಜಾಹೀರಾತು ಅಂತ ಸ್ಪಷ್ಟವಾಗಿ ತೋರಿಸಬೇಕು ಅಂತ 2021ರಿಂದಲೇ ಜಾಹೀರಾತು ಮಾನದಂಡ ಮಂಡಳಿಯ ನಿಯಮವಿದೆ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಹೇಳಿದೆ. ನಾನು ನೋಡಿದ ರೀಲ್‌ಗಳಲ್ಲಿ ಒಂದರಲ್ಲೂ ಹಾಗೆ ಬರೆದಿರಲಿಲ್ಲ. ಕೆಳಗಿನ ಕಾಮೆಂಟ್‌ಗಳಲ್ಲಿ ಯಾರೋ ಒಬ್ಬರು ‘ಭಾನುವಾರ ರೇಟ್ ಬೇರೆ’ ಅಂತ ಹಾಕಿದ್ದನ್ನು ಆಗ ನೋಡಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಮರುದಿನ ಆ ಕಾಮೆಂಟ್ ಮಾಯ.

ಯಾವ ದರ್ಶಿನಿಗೆ ಹೋದರೂ ಕ್ಯಾಷ್ ಕೌಂಟರ್ ಮೇಲೆ ರೇಟಿನ ಬೋರ್ಡು ಇರುತ್ತದೆ. ಇಡ್ಲಿಗೆ ಎಷ್ಟು, ಕಾಫಿಗೆ ಎಷ್ಟು. 15,000ದ ಬಿಲ್ ಕೊಡುವ ಜಾಗದಲ್ಲಿ ಅಷ್ಟು ಹೇಳಲು ಆಗುವುದಿಲ್ಲವೇ?

ಹೋಗಲೇಬೇಕು ಅನ್ನುವವರು ಫೋನಿನ ಮಾತು ನಂಬಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳಿ: ಭಾನುವಾರ, ಇಷ್ಟು ಜನ, ಮಗುವಿಗೆ ಇಷ್ಟು ವಯಸ್ಸು, ಎಲ್ಲ ಸೇರಿ ಕೊನೆಗೆ ಎಷ್ಟು? ಎಷ್ಟು ಹೊತ್ತು ಕೂರಬಹುದು? ಅಡ್ವಾನ್ಸ್ ಬಫೆ ಬಿಲ್‌ನಲ್ಲೇ ಕಳೆಯುತ್ತಾರಾ? ‘ಹೌದು’ ಅಂತ ಬರೆದು ಕೊಡದಿದ್ದರೆ ಒಂದು ರೂಪಾಯಿಯೂ ಕಳಿಸಬೇಡಿ. ನೀರು ಕೇಳುವಾಗ ‘ಮಾಮೂಲಿ ನೀರು’ ಅಂತಲೇ ಕೇಳಿ, ಬಾಟಲಿ ಮುಚ್ಚಳ ತಿರುಗಿಸಲು ಬಿಡಬೇಡಿ.

ಗೂಗಲ್‌ನಲ್ಲಿ ರಿವ್ಯೂ ಹಾಕಿದೆ, ಬಿಲ್ ಫೋಟೊ ಸಮೇತ. ‘ಡಿಯರ್ ಗೆಸ್ಟ್, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅಂತ ಉತ್ತರ. ಕೆಳಗೆ ಇಳಿದು ನೋಡಿದರೆ ಎಲ್ಲರಿಗೂ ಅದೇ ಉತ್ತರ. ಆಮೇಲೆ ಒಬ್ಬರು ಫೋನ್ ಮಾಡಿ, ರಿವ್ಯೂ ತೆಗೆದರೆ ಮುಂದಿನ ಸಲಕ್ಕೆ 20% ವೋಚರ್ ಕೊಡುತ್ತೇವೆ ಅಂದರು. ಮೆಸೇಜ್‌ನಲ್ಲಿ ಕಳಿಸಿ ಅಂದೆ. ಕಳಿಸಿದರು. ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು: ಶನಿವಾರ, ಭಾನುವಾರ ಅನ್ವಯಿಸುವುದಿಲ್ಲ.

ರಿವ್ಯೂ ತೆಗೆದಿಲ್ಲ. 2,000ಕ್ಕಾಗಿ 1915ರಲ್ಲಿ ದೂರು ದಾಖಲಾಗಿದೆ. ಈ ಭಾನುವಾರಕ್ಕೆ ಯಾರಾದರೂ ಎಲ್ಲಾದರೂ ಹೀಗೆ ತಲಾ 500 ಕಟ್ಟಿದ್ದರೆ, ದಯವಿಟ್ಟು ಇವತ್ತೇ ಬರೆದು ಕೇಳಿ. ಅಪ್ಪ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಹಾಗಾಗಬಾರದು.