ಡಿಎಸ್2401 ಕೊಳ್ಳುವವರೇ, ಒಂದೇ ಒಂದು ಚಿಪ್ ಓದಿ ನೋಡಿ ದುಡ್ಡು ಕೊಟ್ಟುಬಿಡಬೇಡಿ

ಮೂರು ದಿನದಿಂದ ನಿದ್ದೆಯಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಡಿಎಸ್2401 ಅಂತ ಬಾಯಿಬಿಟ್ಟು ಕೇಳಿ 100 ಚಿಪ್ ತಂದೆ. ಒಳಗೆ ತನ್ನದೇ ಒಂದು ನಂಬರ್ ಇಟ್ಟುಕೊಂಡಿರುವ ಪುಟ್ಟ ಚಿಪ್ ಅದು. ನಮ್ಮ ಪ್ರತಿ ಟೆಂಪರೇಚರ್ ಬೋರ್ಡಿಗೂ ಅದರ ಚಿಪ್ಪಿನ ನಂಬರೇ ಗುರುತು. ಆ ನಂಬರಿನ ಹೆಸರಲ್ಲೇ ಬೋರ್ಡಿನ ಕ್ಯಾಲಿಬ್ರೇಷನ್ (ಅಳತೆ ತಿದ್ದುವ) ಲೆಕ್ಕ ನಮ್ಮ ಕಂಪ್ಯೂಟರಿನಲ್ಲಿ ಸೇವ್ ಆಗುತ್ತೆ. ಒಂದರ ನಂಬರ್ ಇನ್ನೊಂದಕ್ಕೆ ಇರಲೇಬಾರದು, ಆ ಚಿಪ್ ಇರುವುದೇ ಅದಕ್ಕೆ.

ಅಂಗಡಿಯಲ್ಲೇ ಆರ್ಡುಯಿನೊಗೆ (ಪ್ರೋಗ್ರಾಂ ಹಾಕುವ ಪುಟ್ಟ ಬೋರ್ಡ್) ಒಂದನ್ನು ಸಿಕ್ಕಿಸಿ ಓದಿದೆ. ಮೊದಲ ಬೈಟ್ 01, ಅಂದರೆ ಈ ಬಗೆಯ ಚಿಪ್ಪಿನ ಗುರುತು, ಸರಿ. ಕೊನೆಯ ಬೈಟ್ ಸಿಆರ್‌ಸಿ, ಅಂದರೆ ಓದಿದ್ದು ಸರಿಯೇ ಅಂತ ನೋಡುವ ಲೆಕ್ಕ, ಅದೂ ತಾಳೆಯಾಯ್ತು. ಒಂದನ್ನು! ನೂರರಲ್ಲಿ ಒಂದನ್ನು ಓದಿ ದುಡ್ಡು ಎಣಿಸಿ ಬಂದೆ.

60 ಬೋರ್ಡಿಗೆ ಸೋಲ್ಡರ್ ಆಯ್ತು. 20 ಬೋರ್ಡ್ ಹೊಸೂರಿನ ಗಿರಾಕಿಗೂ ಹೋಯ್ತು. ಸೋಮವಾರ ಕಂಪ್ಯೂಟರಿನಲ್ಲಿ ಆ ಬೋರ್ಡುಗಳ ಲಿಸ್ಟ್ ತೆಗೆದರೆ 20 ಸಾಲು ಇರಬೇಕಾದ ಕಡೆ 7! ಮಿಕ್ಕ ಚಿಪ್ಪುಗಳನ್ನೆಲ್ಲ ಒಂದೊಂದಾಗಿ ಓದುತ್ತಾ ಹೋದೆ. ಅವೇ ನಂಬರುಗಳು. ಮತ್ತೆ ಅವೇ ನಂಬರುಗಳು. ಕೈ ನಡುಗಿತು. ಒಂದು ಬೋರ್ಡಿನ ಲೆಕ್ಕದ ಮೇಲೆ ಇನ್ನೊಂದರ ಲೆಕ್ಕ ಕೂತು ಹಳೆಯದು ಅಳಿಸಿಹೋಗಿದೆ.

ಅಸಲಿ ಚಿಪ್ಪಿನ ನಂಬರನ್ನು ಫ್ಯಾಕ್ಟರಿಯಲ್ಲೇ ಲೇಸರಿನಲ್ಲಿ ಬರೆದಿರುತ್ತಾರೆ, ಆಮೇಲೆ ಬದಲಿಸೋಕಾಗಲ್ಲ. ಬೇಕಾದ ನಂಬರ್ ಬರೆಯೋಕಾಗುವ ನಕಲಿಗಳೂ ಸಿಗುತ್ತವೆ. ನನಗೆ ಕಟ್ಟಿದ್ದು ಅದನ್ನೇ ಅಂತ ನನ್ನ ಅನುಮಾನ. ಸಿಆರ್‌ಸಿ ಹೇಳೋದು ಓದುವಾಗ ಬಿಟ್ ತಪ್ಪಿಲ್ಲ ಅಂತಷ್ಟೇ. ನಂಬರ್ ಕಾಪಿ ಹೊಡೆದರೆ ಸಿಆರ್‌ಸಿಯೂ ಜೊತೆಗೇ ಬರುತ್ತೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸ ಹೋದೆ, ಅದೇ ಹೊಟ್ಟೆ ಉರಿಸೋದು.

ಅಂಗಡಿಯವನಿಗೆ ಫೋನ್ ಮಾಡಿದೆ. "ಐಸಿ ವರ್ಕ್ ಆಗ್ತಿದೆಯಲ್ಲ ಸರ್?" ಅಂದ. ಒಂದೇ ನಂಬರ್ ಎಷ್ಟೋ ಚಿಪ್ಪಿಗಿದೆ ಕಣಯ್ಯಾ ಅಂದರೆ, "ಒಂದೇ ಲಾಟ್ ಸರ್, ನಂಬರ್ ಒಂದೇ ಇರುತ್ತೆ" ಅಂದ! ಎದುರಿಗೇ ಹೋಗಿ ನಿಂತೆ. "ಸೋಲ್ಡರ್ ಮಾಡಿದ್ದು ವಾಪಸ್ ತಗೊಳ್ಳಲ್ಲ." ಸೋಲ್ಡರ್ ಮಾಡದ 40 ಇದೆಯಲ್ಲ ಅಂದೆ. "ಬಿಲ್ಲಲ್ಲಿ ಏನಿದೆ ನೋಡಿ ಸರ್." ನೋಡಿದೆ. 'ಐಸಿ, 100' ಅಂತ ಮಾತ್ರ ಇದೆ. ಪಾರ್ಟ್ ನಂಬರೇ ಇಲ್ಲ.

ದಯವಿಟ್ಟು ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿ. ಸೋಲ್ಡರ್ ಮಾಡುವ ಮುಂಚೆ ಎಲ್ಲವನ್ನೂ, ಎಲ್ಲವನ್ನೂ ಓದಿ, ಎಕ್ಸೆಲ್‌ಗೆ ಹಾಕಿ ಡೂಪ್ಲಿಕೇಟ್ ಹುಡುಕಿ. ಆಗುವುದಾದರೆ ಕಂಪನಿಯ ಅಧಿಕೃತ ಡೀಲರ್ ಹತ್ತಿರವೇ ತಗೊಳ್ಳಿ, ನಾಲ್ಕು ಕಾಸು ಹೆಚ್ಚಾದರೂ ಸರಿ.

ನಾಳೆ ಹೊಸೂರಿಗೆ ಹೋಗಿ ಆ 20 ಬೋರ್ಡ್ ಬಿಚ್ಚಿಕೊಂಡು ಬರಬೇಕು. ಗಿರಾಕಿಗೆ ಇನ್ನೂ ಹೇಳಿಲ್ಲ.